ಕಡ್ಡಿಪೆಟ್ಟಿಗಿಯ ಒಡಪು

ದಾಕ್ಷಾಯಿಣಿ ಅವನನ್ನು ಮೊದಲು ನೋಡಿದ್ದು ಬೈಯಲು ಹೋದಾಗ. ಆಮೇಲೆ ಅವನ ಮುಖ ನೋಡಿದ್ದೆಲ್ಲ ಹೆಚ್ಚುಕಡಿಮೆ ಅದೇ ಕೆಲಸಕ್ಕೆ, ಆ ಮಾತು ಬೇರೆ.

೧೯೯೬ರ ಬೇಸಿಗೆ. ಅವಳ ಅಪ್ಪ ಮಹಾದೇವಪ್ಪನದು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ. ಮನೆಯ ಹಿಂದಿನ ಗೋದಾಮನ್ನು ಯಾರೋ ಹುಡುಗರು ಭಜನೆಗೆ ಎಂದು ಕೇಳಿದ್ದರು, ಪುಣ್ಯಾತ್ಮ ಕೀಲಿಕೈ ಕೊಟ್ಟುಬಿಟ್ಟಿದ್ದ. ಅಲ್ಲಿಂದ ಬರುತ್ತಿದ್ದ ಭಜನೆ ಕೇಳಿದರೆ ದೇವರೇ ಊರು ಬಿಡಬೇಕು! ಒಂದು ಮಧ್ಯಾಹ್ನ ತಲೆ ಕೆಟ್ಟು ಅವಳು ಬಾಗಿಲು ನೂಕಿದಳು. ಹತ್ತಿಯ ಮೂಟೆಗಳ ನಡುವೆ ಡ್ರಮ್ ಬಡಿಯುವವನೊಬ್ಬ ಹನಮೇಶ, ಗಿಟಾರ್ ಹಿಡಿದು ಕಿರುಚುವವನೊಬ್ಬ ಫಕೀರೇಶ. ನಳಕ್ಕೆ ವಾರಕ್ಕೊಮ್ಮೆ ನೀರು ಬಿಡುವವರನ್ನು ಹಾಡಿನಲ್ಲಿ ವಾಚಾಮಗೋಚರ ಬೈಯುತ್ತಿದ್ದ, ಅದೂ ಧಾರವಾಡದ ಮರ್ಯಾದೆ ಬಿಡದೆ, ‘ಹಾಳಾಗಿ ಹೋಗ್ರಿ, ನೀವು ಹಾಳಾಗಿ ಹೋಗ್ರಿ’ ಎಂದು.

ಧಾರವಾಡದ ಗುರುಗಳ ಹತ್ತಿರ ಚಿಕ್ಕಂದಿನಿಂದ ಸಂಗೀತ ಕಲಿತವಳು ದಾಕ್ಷಾಯಿಣಿ. ಗದ್ದಲದ ಬಗ್ಗೆ ಜಗಳಾಡಲು ಬಂದವಳು ಅದನ್ನು ಮರೆತು, ಬೈಗುಳ ಛಲೋ ಇದೆ, ಆದರೆ ರಾಗ ಕುಂಟುತ್ತಿದೆ ಎಂದುಬಿಟ್ಟಳು.

ಫಕೀರೇಶ ಹಾಡು ನಿಲ್ಲಿಸಿ, ಕತ್ತು ವಾರೆ ಮಾಡಿ, ಸಾವಕಾಶವಾಗಿ ಅವಳನ್ನು ನೋಡಿದ. ಕಣ್ಣಿನ ತುಂಬ ದಟ್ಟ ರೆಪ್ಪೆಗೂದಲು. ಇಂಥ ಕೊಳಕು ಬಾಯಿಯವನಿಗೆ ಇಂಥ ರೆಪ್ಪೆ ಯಾಕೆ ಕೊಟ್ಟೆ ಶಿವನೇ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ಭಜನಿ ಮುಂದಿನ ಓಣ್ಯಾಗ ಐತ್ರಿ, ಸಾವಕಾರ್ತಿ,” ಎಂದ. “ಇಲ್ಲಿ ಪಂಕ್ ನಡದೈತ್ರಿ, ಸಿಟ್ಟಿನ ಹಾಡು.”

ಅವತ್ತೇ ಅವಳು ಶಪಥ ಮಾಡಿದಳು: ಈ ಮನುಷ್ಯನ ಹೆಸರು ನನ್ನ ನಾಲಿಗೆಯ ಮೇಲೆ ಬರಬಾರದು. ಶಪಥ ಮಾಡಿದವಳು ಮನೆಯಲ್ಲಿ ತೆಪ್ಪಗೆ ಇರಬೇಕಿತ್ತು. ಮರುದಿನ ಮತ್ತೆ ಹೋಗಿ, ಕುಂಟುತ್ತಿದ್ದ ರಾಗವನ್ನು ನೆಟ್ಟಗೆ ಹಾಡಿ ತೋರಿಸಿದಳು. ಅವನು ಮೈಕನ್ನು ಅವಳ ಕಡೆ ಸರಿಸಿದ. ‘ಕಡ್ಡಿಪೆಟ್ಟಿಗಿ’ ಎಂಬ ಬ್ಯಾಂಡು ಹಾಗೆ ಹೊತ್ತಿಕೊಂಡಿತು.

ಬ್ಯಾಂಡು ಬೆಳೆಯಿತು. ಕಾಲೇಜುಗಳ ಗ್ಯಾದರಿಂಗುಗಳಲ್ಲಿ ಹಾಡಿದರು. ಕ್ಯಾಸೆಟ್ ಒಂದು ಬಂತು, ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಭಕ್ತಿಗೀತೆಗಳ ಪಕ್ಕ ಕೂತು ಮಾರಾಟವಾಯಿತು. ಬೆಂಗಳೂರಿನಲ್ಲಿ ಇವರ ಭಾಷೆ ಕೇಳಿ ಜನ ಮೊದಲು ನಕ್ಕರು, ಮೂರನೆಯ ಹಾಡಿಗೆ ಕುರ್ಚಿ ಬಿಟ್ಟು ಕುಣಿದರು. ಹಾಡೆಲ್ಲ ಫಕೀರೇಶನವೇ. ಬೇರೆಯವರ ಒಂದು ಸಾಲೂ ಒಳಗೆ ಬರುವಂತಿಲ್ಲ. ಬಾಸ್ ಗಿಟಾರಿನವರು ಬಂದರು, ಅವನ ಬಾಯಿಗೆ ಹೆದರಿ ಓಡಿದರು. ಹನಮೇಶ ಮಾತ್ರ ಉಳಿದ, ಡ್ರಮ್ಮಿನ ಸದ್ದಿಗೆ ಅವನಿಗೆ ಬೈಗುಳ ಕೇಳಿಸುತ್ತಿರಲಿಲ್ಲ.

ದಾಕ್ಷಾಯಿಣಿಯೂ ಉಳಿದಳು. ಅವಳಿಗೆ ಬೇಕಾದದ್ದು ಒಂದೇ. ತನ್ನದೇ ಒಂದು ಹಾಡನ್ನು ಆ ಬ್ಯಾಂಡಿನ ಜೊತೆ ಹಾಡಬೇಕು. ಕನ್ಯೆ ನೋಡಲು ಬಂದು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದು ಹೋಗುವವರ ಮೇಲೆ ಬರೆದ ಹಾಡು. ಅಂಥ ಉಪ್ಪಿಟ್ಟು ಅವಳು ಸಾಕಷ್ಟು ಮಾಡಿದ್ದಳು. ಅವನು ಪ್ರತಿ ಸಲ ಒಂದೊಂದು ಅಕ್ಷರ ಹಿಡಿದು ತಿದ್ದಿ, ಕೊನೆಗೆ ಉಪ್ಪಿಟ್ಟಿನ ಮೇಲೆ ಪಂಕ್ ಆಗುವುದಿಲ್ಲ ಎಂದು ವಾಪಸು ಕೊಡುತ್ತಿದ್ದ. ಅವಳು ಅವನ ಮೂರು ತಲೆಮಾರು ನೆನೆಯುತ್ತಿದ್ದಳು. ಆದರೆ ಹೆಸರು? ಊಹೂಂ. “ರೀ, ಇಲ್ನೋಡ್ರಿ”, “ಏನ್ರಿ, ಕಿವಿ ಕೇಳಸ್ತೈತೇನು” ಎನ್ನುವಳು. ಬೇರೆಯವರ ಮುಂದೆ ‘ಅವರು’, ‘ನಮ್ಮವರು’ ಎಂದು ಹಲ್ಲು ಕಡಿಯುವಳು. ಹಲ್ಲು ಕಡಿದದ್ದು ಯಾರಿಗೂ ಕಾಣಲಿಲ್ಲ, ‘ನಮ್ಮವರು’ ಅಂದದ್ದು ಎಲ್ಲರಿಗೂ ಕೇಳಿಸಿತು.

ಅದರ ಫಲ ೨೦೦೩ರಲ್ಲಿ ಬಂತು. ಗದಗಿನ ಮನೆತನವೊಂದು ಉಪ್ಪಿಟ್ಟನ್ನೂ ಮುಟ್ಟದೆ ಸಂಬಂಧ ಬೇಡ ಎಂದಿತು. ಸುದ್ದಿ ತಂದವಳು ಸೋದರತ್ತೆ ಗೌರಕ್ಕ. ನಿಮ್ಮ ಹುಡುಗಿಗೆ ಆಗಲೇ ಲಗ್ನವಾಗಿದೆಯಲ್ಲ, ಹಾಡುವ ಆ ಗಂಡನನ್ನು ಏನು ಮಾಡುತ್ತೀರಿ ಎಂದು ಕೇಳಿದರಂತೆ.

“ನೀ ಅವನ ಹೆಸರು ಹಿಡದು ಕರಿಯೂದಿಲ್ಲಂತ, ಖರೇನ?” ಎಂದು ಗೌರಕ್ಕ ಕೇಳಿದಳು. ಹೆಂಡತಿಯಾದವಳು ಗಂಡನ ಹೆಸರು ಎತ್ತುವುದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ನಾಲ್ಕು ಹೆಂಗಸರು ಬಾಗಿಲಲ್ಲಿ ತಡೆದು, ಒಡಪು ಹೇಳಿದರಷ್ಟೇ ಒಳಗೆ ಬಿಡುತ್ತೇವೆ ಎಂದು ಗಂಟು ಬಿದ್ದಾಗ, ಪ್ರಾಸ ಕಟ್ಟಿ. ನೀನಂತೂ ಅಷ್ಟೂ ಎತ್ತಿಲ್ಲವಲ್ಲ ತಾಯಿ ಎಂದು ಹಣೆ ಬಡಿದುಕೊಂಡಳು.

ದಾಕ್ಷಾಯಿಣಿಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. ದ್ವೇಷಕ್ಕೆ ಬಿಟ್ಟ ಹೆಸರನ್ನು ಊರೆಲ್ಲ ಪತಿವ್ರತೆಯ ನೇಮ ಅಂದುಕೊಂಡಿದೆ! ನೆಟ್ಟಗೆ ಗೋದಾಮಿಗೆ ನಡೆದಳು. ಫಕೀರೇಶ ಒಬ್ಬನೇ ಕೂತು ಗಿಟಾರಿನ ತಂತಿ ಬಿಗಿಯುತ್ತಿದ್ದ.

“ಮಂದಿ ಏನ ಅನ್ಕೊಂಡಾರಂತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ರಿ.”

“ಮತ್ತ್ಯಾಕ ತಿದ್ದಲಿಲ್ಲ? ನನ್ನ ಹಾಡಿನ್ಯಾಗ ಒಂದ ಅಕ್ಷರ ಬಿಡದಂಗ ತಿದ್ದೀರಿ.”

ಅವನು ತಲೆ ಎತ್ತಿದ. ಯಾವತ್ತೂ ಕೆಣಕುವ ಆ ಕಣ್ಣು ಅವತ್ತು ಅವಳ ಮುಖದ ಮೇಲೆ ನಿಂತು, ಜಾರಿ, ಅವಳ ಕೈಬಳೆಗೆ ಬಂದು ಅಲ್ಲೇ ಉಳಿಯಿತು.

“ಅದೊಂದ ಮಾತು ಬರೋಬ್ಬರಿ ಇತ್ರಿ,” ಎಂದ. “ತಿದ್ದಬೇಕ ಅನಸಲಿಲ್ರಿ.”

ಇಷ್ಟು ವರ್ಷ ಈ ಮಾತಿಗೇ ಕಾದಿದ್ದೆನೇನೋ ಎಂದು ಅವಳಿಗೆ ಅನ್ನಿಸಿ, ಹಾಗನ್ನಿಸಿದ್ದಕ್ಕೆ ಮೈಯೆಲ್ಲ ಉರಿಯಿತು. ಹಾಗಾದರೆ ನನ್ನ ಹಾಡು ಎಂದು ಕೇಳಿದಳು.

“ಅದು ಬರೋಬ್ಬರಿ ಇಲ್ರಿ.”

ನೋಡಿ ಇವನ ಸೊಕ್ಕು! ಪ್ರೀತಿ ಹೇಳುವ ಹೊತ್ತಿನಲ್ಲೂ ಒಂದು ಸುಳ್ಳು ಹೇಳಲಿಲ್ಲ ಮಹಾರಾಯ. ಇನ್ನು ಮೇಲೆ ನೀವೇ ಹಾಡಿಕೊಳ್ಳಿ, ನೀವೇ ಕೇಳಿಕೊಳ್ಳಿ ಎಂದು ಅವಳು ಬಾಗಿಲು ಬಡಿದು ಹೋದಳು. ಮನೆಗೆ ಹೋಗಿ ಅತ್ತಳು. ಅವನಿಗಾಗಿ ಅತ್ತೆನೋ ಹಾಡಿಗಾಗಿ ಅತ್ತೆನೋ ಅವಳಿಗೇ ತಿಳಿಯಲಿಲ್ಲ.

ಮುಂದಿನ ತಿಂಗಳು ಧಾರವಾಡದ ಕಾಲೇಜೊಂದರಲ್ಲಿ ಗ್ಯಾದರಿಂಗು. ದಾಕ್ಷಾಯಿಣಿ ಹೋದಳು. ತಾನಿಲ್ಲದೆ ಅವನು ಎಷ್ಟು ಕೆಟ್ಟದಾಗಿ ಹಾಡುತ್ತಾನೆ ಎಂದು ಕಣ್ಣಾರೆ ನೋಡಿ ಖುಷಿಪಡಲು. ಕೆಟ್ಟದಾಗಿಯೇ ಹಾಡಿದ. ಖುಷಿ ಮಾತ್ರ ಆಗಲಿಲ್ಲ. ಎರಡನೆಯ ಹಾಡಿನ ನಡುವೆ ಅವನ ಕಣ್ಣು ಸಭಾಂಗಣದ ಹಿಂದುಗಡೆ ಕೈಕಟ್ಟಿ ನಿಂತವಳ ಮೇಲೆ ಬಿತ್ತು. ಗಿಟಾರ್ ನಿಂತಿತು. ಹನಮೇಶ ಇನ್ನೂ ಸ್ವಲ್ಪ ಹೊತ್ತು ಬಾರಿಸಿ, ತಾನೊಬ್ಬನೇ ಎಂದು ಗೊತ್ತಾಗಿ ನಿಲ್ಲಿಸಿದ.

ಫಕೀರೇಶ ಮೈಕಿಗೆ ಬಾಯಿ ಕೊಟ್ಟ. ಮುಂದಿನ ಹಾಡು ನನ್ನದಲ್ಲ, ಉಪ್ಪಿಟ್ಟಿನ ಮೇಲಿನದು, ಅದನ್ನು ಬರೆದವರು ಹಿಂದೆ ನಿಂತಿದ್ದಾರೆ ಎಂದ. ತಿದ್ದಿ ತಿದ್ದಿ ಅದರ ಖಾರ ತೆಗೆದವನು ನಾನೇ, ತಿದ್ದದೆ ಬಿಟ್ಟರೆ ಬರೋಬ್ಬರಿ ಇತ್ತು ಎಂದ. ತಪ್ಪು ಒಪ್ಪಿದರೂ ದನಿಯಲ್ಲಿ ಜಗಳ ಹಾಗೇ ಇತ್ತು.

ದಾಕ್ಷಾಯಿಣಿ ನಡೆದಳು. ಕಾಲು ತಾನಾಗಿ ನಡೆಯಿತು ಅನ್ನಬೇಕು. ಸ್ಟೇಜಿನ ಮೆಟ್ಟಿಲಿಗೆ ಬಂದರೆ ಕಾಲೇಜಿನ ಹುಡುಗಿಯರು ಅಡ್ಡ ಕೈ ಹಿಡಿದು ಸಾಲಾಗಿ ನಿಂತುಬಿಟ್ಟರು. ಅವರಿಗೆ ಇದು ಗಂಡಹೆಂಡಿರ ಮುನಿಸು. ಒಡಪು ಹೇಳದೆ ಮೇಲೆ ಹೋಗುವಂತಿಲ್ಲ ಎಂದು ಒಬ್ಬಳು ಮೈಕನ್ನೇ ಅವಳ ಬಾಯಿಗೆ ಹಿಡಿದಳು.

ನಾನು ಇವರ ಹೆಂಡತಿಯಲ್ಲ ಎಂದರೆ ಮುಗಿಯುತ್ತಿತ್ತು. ಎದುರಿಗೆ ಅವನು ಬೆಪ್ಪನಂತೆ ನಿಂತಿದ್ದ, ಗಿಟಾರನ್ನು ಮಗುವಿನಂತೆ ಅವುಚಿಕೊಂಡು. ಇವನನ್ನು ಬಿಟ್ಟು ನಾನು ಯಾರ ಜೊತೆ ಇಷ್ಟು ಮನಸಾರೆ ಜಗಳಾಡಲಿ ಅನ್ನಿಸಿತು ಅವಳಿಗೆ. ಉಸಿರೆಳೆದು, ಜಗಳದ ದನಿಯಲ್ಲೇ ಹೇಳಿದಳು:

“ಇಷ್ಟ ವರ್ಷ ಬೈದರೂ ಬೈಗಳ ಮುಗದಿಲ್ರಿ,
ಫಕೀರೇಶರ ಹೆಸರ ಹೇಳೇನಿ, ಇನ್ನ ದಾರಿ ಬಿಡ್ರಿ.”

ಚಾವಣಿ ಕಿತ್ತುಹೋಗುವಂತೆ ಚಪ್ಪಾಳೆ. ಕೈಗಳು ಸರಿದವು, ಅವಳು ಮೇಲೆ ಹತ್ತಿ ಅವನ ಪಕ್ಕ ನಿಂತಳು. ಆದರೆ ಹುಡುಗಿಯರು ಬಿಡಬೇಕಲ್ಲ! ಈಗ ನಿಮ್ಮ ಪಾಳಿ, ನೀವೂ ಹೆಸರು ಹೇಳಿ ಎಂದು ಅವನಿಗೆ ಗಂಟುಬಿದ್ದರು.

ಇಡೀ ಬ್ಯಾಂಡಿನ ಹಾಡು ಬರೆದವನು ಬಾಯಿ ತೆರೆದ. ಮುಚ್ಚಿದ. ಕೊನೆಗೆ ಅಕ್ಷರ ಅಕ್ಷರ ಜೋಪಾನ ಮಾಡುತ್ತ, “ದಾಕ್ಷಾಯಿಣಿ,” ಎಂದ. ಮುಂದೆ ಏನೂ ಬರಲಿಲ್ಲ.

“ಪ್ರಾಸ ಎಲ್ಲೈತ್ರಿ?” ಎಂದಳು ಅವಳು, ಅವನಿಗಷ್ಟೇ ಕೇಳುವಂತೆ.

ಅವನು ಮೈಕನ್ನು ಅವಳ ಕಡೆ ತಿರುಗಿಸಿದ. ಇಷ್ಟು ವರ್ಷ ನೀವು ನೀವು ಎಂದು ಬೈದವನು, ಮೊದಲ ಸಲ ‘ರಿ’ ಬಿಟ್ಟು ಮಾತಾಡಿದ.

“ನೀನ ಬರಿ.”