ಊದಿಕೊಂಡ ಡಿಕ್ಷನರಿ

ಡಿಕ್ಷನರಿ ಕಪಾಟಿನೊಳಗೆ ಹೋಗಲು ಒಪ್ಪಲಿಲ್ಲ. ಐದನೇ ಕ್ಲಾಸಿನ ಚೂಟಿ ಮೊಣಕೈಯಿಂದ ತಳ್ಳಿದಳು, ಮಂಡಿಯಿಂದ ಒತ್ತಿದಳು. ನಿನ್ನೆ ಇದೇ ಜಾಗದಿಂದ ಸಲೀಸಾಗಿ ಎಳೆದುಕೊಂಡಿದ್ದ ಪುಸ್ತಕ ಇವತ್ತು ದಿಂಬಿನ ಹಾಗೆ ಊದಿಕೊಂಡಿತ್ತು.

“ಏನಾಯ್ತೇ ಅದಕ್ಕೆ?” ಹಿಂದಿನಿಂದ ಲೈಬ್ರರಿ ಮಿಸ್ ಕೇಳಿದರು.

“ನೆನೀತು ಮಿಸ್.” ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ಚೂಟಿಯದು ಎತ್ತಿದ ಕೈ. “ಮನೇಲಿ ಪೈಪ್ ಒಡೆದುಹೋಯ್ತು.”

“ಅಯ್ಯೋ! ತುಂಬಾ ನೀರು ಬಂತಾ?”

“ಮಂಡಿ ತನಕ. ಅಜ್ಜನ ಮಂಚ ತೇಲ್ತು.”

“ಅಜ್ಜ?”

“ಮಂಚದ ಮೇಲೇ ಇದ್ರು. ಅಡುಗೆಮನೆ ತನಕ ಹೋಗಿಬಂದ್ರು.”

ಮಿಸ್ ನಗಲಿಲ್ಲ. ಕನ್ನಡಕ ಒರೆಸಿಕೊಂಡರು. “ನಿಮ್ಮಪ್ಪ ಪ್ಲಂಬರ್ ಅಲ್ವಾ?”

“ಹೂಂ ಮಿಸ್.”

“ಸ್ಕೂಲಿನ ಹೊಸ ಟ್ಯಾಂಕಿನ ಕೆಲಸ ಅವರಿಗೇ ಕೊಡೋಣ ಅಂತಿದ್ರು ಹೆಡ್‌ಮಾಸ್ಟರು. ನಿಮ್ಮ ಮನೆ ಪೈಪೇ ಹೀಗಾದ್ರೆ... ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳ್ಬೇಕು.”

ಚೂಟಿ ಡಿಕ್ಷನರಿ ತಳ್ಳುವುದನ್ನು ಬಿಟ್ಟಳು. ಮನೆಯ ಒಂದು ನಲ್ಲಿಯೂ ಸೋರದಂತೆ ನೋಡಿಕೊಳ್ಳುವ ಅಪ್ಪ, ಆ ಕೆಲಸ ಸಿಗಲೆಂದು ಮೂರು ದಿನದಿಂದ ಕಾಯುತ್ತಿದ್ದರು.

“ಪೈಪ್ ಒಡೀಲಿಲ್ಲ ಮಿಸ್. ನೀರಿನ ಬಕೆಟ್ಟಲ್ಲಿ ಕಾಲಿಟ್ಕೊಂಡು ಓದ್ತಿದ್ದೆ. ಕೈಜಾರಿ ಬಿತ್ತು.” ಅವಳ ಕಣ್ಣು ತುಂಬಿ ಬಂತು. “ಅಜ್ಜನಿಗೆ ಏನೂ ಆಗಿಲ್ಲ.”

“ಸದ್ಯ,” ಎಂದರು ಮಿಸ್. “ಯಾವ ಪದ ಹುಡುಕ್ತಿದ್ದೆ?”

“ಅಸೆಂಬ್ಲಿಯಲ್ಲಿ ಹೇಳೋಕೆ ಕೊಟ್ಟಿದ್ರಲ್ಲ, ಬ್ಲೋಟ್.”

ಮಿಸ್ ಅಂಟಿಕೊಂಡಿದ್ದ ಹಾಳೆಗಳನ್ನು ಮೆಲ್ಲಗೆ ಬಿಡಿಸಿದರು. ಚೂಟಿ ಬೆರಳಿಟ್ಟು ಓದಿದಳು.

“ಬ್ಲೋಟ್ ಅಂದ್ರೆ ಮಿತಿಮೀರಿ ಊದಿಕೊಳ್ಳೋದು. ಉತ್ತರದ ಚಳಿ ದೇಶಗಳ ಹಳೇ ಭಾಷೆಯಿಂದ ಬಂದಿರಬಹುದಂತೆ ಮಿಸ್. ಅಲ್ಲಿ ಅದರ ಅರ್ಥ ನೆನೆದು ಮೆತ್ತಗಾಗಿದ್ದು ಅಂತ.” ಅವಳು ಪುಸ್ತಕದ ಬೆನ್ನು ಸವರಿದಳು.

ಇಬ್ಬರೂ ಸೇರಿ ಹತ್ತು ಹಾಳೆಗೊಂದು ಒಣ ಕಾಗದ ಇಟ್ಟರು. ಮೇಲೆ ನಾಲ್ಕು ಅಟ್ಲಾಸ್ ಹೇರಿದರು.

“ಮೊದಲಿನ ಥರ ಆಗುತ್ತಾ ಮಿಸ್?”

“ಸ್ವಲ್ಪ ಇಳಿಯುತ್ತೆ. ಪೂರ್ತಿ ಇಳಿಯಲ್ಲ.”

ಮುಂದಿನ ಶನಿವಾರ ಅಸೆಂಬ್ಲಿಯಲ್ಲಿ ಚೂಟಿ ಪದದ ಅರ್ಥ ಹೇಳಿದಳು, ಮೂಲ ಹೇಳಿದಳು. ಆಮೇಲೆ ಡಿಕ್ಷನರಿಯನ್ನು ಎತ್ತಿ ಹಿಡಿದಳು.

“ಉದಾಹರಣೆ ಇದು. ನಾನೇ ಬಕೆಟ್ಟಿಗೆ ಬೀಳಿಸಿದ್ದು.”

“ಎಷ್ಟು ದೊಡ್ಡ ಬಕೆಟ್?” ಮುಂದಿನ ಸಾಲಿನಿಂದ ಯಾರೋ ಕೂಗಿದರು.

ಚೂಟಿ ಬಾಯಿ ತೆರೆದಳು. ಎದುರಿನ ತಾರಸಿಯ ಮೇಲೆ ಅಪ್ಪ ಹೊಸ ಟ್ಯಾಂಕಿನ ಪೈಪನ್ನು ಬಿಗಿ ಮಾಡುತ್ತಿದ್ದರು. ಒಂದು ಸುತ್ತು ತಿರುಗಿಸಿ, ಮುಟ್ಟಿ ನೋಡಿ, ಕೈ ಒರೆಸಿಕೊಂಡರು.

“ಮಾಮೂಲಿ ಬಕೆಟ್,” ಎಂದಳು ಚೂಟಿ.