ಹೇಮತ್ತೆಯ ವಿಮಾನ ತಿರುಗಿ ಹೋಯಿತು

“ಬಂತು! ಬಂತು!” ಯಶೋಧರಾ ಮೈದಾನದ ನಡುವೆ ಕುಣಿದಳು. “ಕೇಳ್ರೋ, ಅದು ನಮ್ಮ ಹೇಮತ್ತೆ ವಿಮಾನ!”

ಐದನೇ ತರಗತಿಯವರೆಲ್ಲ ಕತ್ತೆತ್ತಿದರು. ಗುಂಯ್ ಎಂಬ ಸದ್ದೇನೋ ಬರುತ್ತಿತ್ತು. ಆದರೆ ಚನ್ನಗಿರಿಯ ಮೇಲೆ ದಟ್ಟ ಮೋಡ. ಕೋಟೆ ಗುಡ್ಡದ ತುದಿಯೇ ಕಾಣುತ್ತಿರಲಿಲ್ಲ.

ಹೇಮತ್ತೆ ಎಂದರೆ ಯಶೋಧರಾಳ ಅಪ್ಪನ ತಂಗಿ ಹೇಮಾವತಿ. ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು, ಈಚೆಗಷ್ಟೇ ಪೈಲಟ್ ಲೈಸೆನ್ಸ್ ಪಡೆದಿದ್ದಳು. ಇವತ್ತು ಪುಟ್ಟ ವಿಮಾನದಲ್ಲಿ ಒಬ್ಬಳೇ ಶಿವಮೊಗ್ಗಕ್ಕೆ ಹೊರಟಿದ್ದಳು. ದಾರಿಯಲ್ಲಿ ಶಾಲೆಯ ಮೇಲೆ ಹಾದುಹೋಗುತ್ತೇನೆ ಎಂದಿದ್ದಳು. ಅದಕ್ಕೇ ಕಲ್ಪನಾ ಮಿಸ್ ಪಾಠ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕರೆತಂದಿದ್ದರು.

ಸದ್ದು ಹತ್ತಿರವಾಯಿತು. ಇದ್ದಕ್ಕಿದ್ದಂತೆ ಎಂಜಿನ್ ಕೆಮ್ಮಿದಂತಾಯಿತು. ಇನ್ನೊಮ್ಮೆ ಕೆಮ್ಮಿತು. ಮತ್ತೆ ಗುಂಯ್ ಎಂದಿತು. ಆಮೇಲೆ ದೂರ ದೂರ ಸರಿದು, ಕೇಳಿಸದಾಯಿತು.

“ಎಲ್ಲೇ ವಿಮಾನ?” ನಿಂಗರಾಜ್ ಹಲ್ಲು ಕಿರಿದ. “ಅದು ಬೋರ್‌ವೆಲ್ ಲಾರಿ ಸದ್ದು ಕಣೇ!”

ಎಲ್ಲರೂ ಗೊಳ್ಳೆಂದು ನಕ್ಕರು. ಬೇರೆ ದಿನವಾಗಿದ್ದರೆ ಯಶೋಧರಾ ಅವನನ್ನು ಮೈದಾನದ ತುಂಬ ಅಟ್ಟಾಡಿಸುತ್ತಿದ್ದಳು. ಈಗ ಅವಳ ಕಿವಿಯಲ್ಲಿ ಆ ಕೆಮ್ಮು ಮಾತ್ರ ಇತ್ತು.

ಬೆಳಿಗ್ಗೆ ಹೇಮತ್ತೆ ಫೋನ್ ಮಾಡಿದ್ದಳು. “ಆ ಕಡೆ ಮೋಡ ಐತಂತೆ ಕಣೇ. ನೋಡಾನ.”

“ಮೋಡ ಇದ್ರೂ ಬರಬೇಕು! ಇಡೀ ಕ್ಲಾಸಿಗೆ ಹೇಳೀನಿ. ಬರದಿದ್ರೆ ನಿನ್ನ ಜೊತೆ ಟೂ, ಮಾತೇ ಆಡಲ್ಲ!” ಎಂದು ಯಶೋಧರಾ ಫೋನ್ ಕಟ್ ಮಾಡಿದ್ದಳು.

ತನ್ನ ಮಾತಿಗೆ ಅತ್ತೆ ಮೋಡದೊಳಕ್ಕೆ ನುಗ್ಗಿಬಿಟ್ಟಳೇ?

ಗಣಿತದ ಪಾಠ ತಲೆಗೆ ಹತ್ತಲಿಲ್ಲ. ಊಟದ ಬೆಲ್ ಹೊಡೆದ ಕೂಡಲೇ ಅವಳು ಮಿಸ್ ಹತ್ತಿರ ಓಡಿದಳು.

“ಮಿಸ್, ಅತ್ತೆಗೆ ಫೋನ್ ಹಚ್ರೀ. ಮೋಡ ಇದ್ರೂ ಬಾ ಅಂದಿದ್ದು ನಾನೇ ರೀ...”

ಮಿಸ್ ಫೋನ್ ತೆಗೆದರು. ರಿಂಗ್ ಆಗಿ ಆಗಿ ನಿಂತುಹೋಯಿತು. ಮತ್ತೆ ಮಾಡಿ, ಬಿಕ್ಕುತ್ತಿದ್ದ ಯಶೋಧರಾಳ ಕೈಗೆ ಫೋನ್ ಕೊಟ್ಟರು.

“ಹಲೋ? ಯಶೂ? ಅಳ್ತಿದ್ದೀಯೇನೆ? ಇಳಿದೀನಿ ಕಣವ್ವ. ಕ್ಲಬ್ಬಲ್ಲೇ ಅದೀನಿ.”

ಯಶೋಧರಾ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಎಂಜಿನ್ ಕೆಮ್ತು ಅತ್ತೆ...”

“ನಿಂಗೂ ಕೇಳಿಸ್ತಾ? ಗಾಳಿ ಎಳೆಯೋ ಕೊಳವೇಲಿ ಐಸ್ ಕಟ್ಟಿತ್ತು.”

“ಐಸಾ? ಚನ್ನಗಿರೀಲಾ?”

“ಗಾಳಿ ಒದ್ದೆ ಇದ್ರೆ ಸೆಖೆಯಾಗೂ ಕಟ್ತೈತೆ. ಬಿಸಿಗಾಳಿ ಬಿಡಾಕೆ ಒಂದು ಲಿವರ್ ಐತೆ, ಎಳೆದೆ. ಕರಗಿಹೋಯ್ತು.”

“ಮತ್ತೆ ಮುಂದೆ ಯಾಕೆ ಬರಲಿಲ್ಲ?”

“ಸಂತೇಬೆನ್ನೂರು ಹೊಂಡ ಚೆಂದ ಕಾಣ್ತು. ಅದರಾಚೆ ನಿಮ್ಮೂರ ಹತ್ತಿರ ಬರ್ತಿದ್ದಂಗೆ ಬರೀ ಮೋಡ. ಒಳಗೆ ಹೊಕ್ಕರೆ ಮೇಲೆ ಯಾವ್ದು, ಕೆಳಗೆ ಯಾವ್ದು ತಿಳಿಯಾಕಿಲ್ಲ. ಮೋಡದಾಗೆ ಹಾರಾಕೆ ನಾನಿನ್ನೂ ಕಲಿತಿಲ್ಲ. ತಿರುಗಿಸಿಬಿಟ್ಟೆ.”

ಯಶೋಧರಾಳಿಗೆ ಅಜ್ಜಿ ಕಸ್ತೂರಮ್ಮನ ನೆನಪಾಯಿತು. ಹೊರಟವರು ಅರ್ಧ ದಾರಿಯಿಂದ ವಾಪಸ್ ಬಂದರೆ ಅಜ್ಜಿಗೆ ಆಗುತ್ತಿರಲಿಲ್ಲ. ಅಪ್ಪ ಹೆಲ್ಮೆಟ್ ಮರೆತು ವಾಪಸ್ ಬಂದರೂ ಕೂರಿಸಿ, ನೀರು ಕುಡಿಸಿಯೇ ಕಳಿಸುವವಳು.

“ಅಜ್ಜಿ ಬೈತಾಳೆ ನಿಂಗೆ.”

“ಅವ್ವನಿಗೇ ಮೊದಲು ಫೋನ್ ಮಾಡಿದ್ದು. ‘ತಿರುಗಿ ಬಂದ್ಯಲ್ಲ, ಸಾಕು ಬಿಡವ್ವ’ ಅಂದ್ಲು. ಆದ್ರೂ ಫೋನಲ್ಲೇ ಎರಡು ಲೋಟ ನೀರು ಕುಡಿಸಿದ್ಲು!”

ಯಶೋಧರಾಳಿಗೆ ಅಳುವಿನ ನಡುವೆಯೇ ನಗು ಬಂತು. ಮಿಸ್ ಕೂಡ ನಕ್ಕು, ಸೆರಗಿನಿಂದ ಅವಳ ಮುಖ ಒರೆಸಿದರು.

ಹೊರಗೆ ಜಗುಲಿಯಲ್ಲಿ ನಿಂಗರಾಜ್ ಕಾಯುತ್ತಿದ್ದ. “ಏನಂತೆ? ಹೆದರಿ ವಾಪಸ್ ಹೋದ್ರಂತಾ?”

“ಹೂಂ. ವಾಪಸ್ ಹೋದ್ಲು!” ಓಟದಲ್ಲಿ ಫಸ್ಟ್ ಬಂದ ಸುದ್ದಿ ಹೇಳುವವಳಂತೆ ಹೇಳಿದಳು ಯಶೋಧರಾ.

ನಿಂಗರಾಜ್ ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಕೆಂಪು ಕಣ್ಣು ಕಂಡಿತು.

“ಇಳಿದ್ರಾ?” ಮೆಲ್ಲಗೆ ಕೇಳಿದ.

“ಇಳಿದ್ಲು,” ಎಂದಳು ಯಶೋಧರಾ. ಇನ್ನೊಮ್ಮೆ, ಈ ಸಲ ತನಗೇ ಹೇಳಿಕೊಳ್ಳುವಂತೆ, “ಇಳಿದ್ಲು” ಎಂದಳು.