ಮುಂದೆ ಹೋಗುವ ಕೆಂಪು ಚುಕ್ಕಿ

"ಅಯ್ಯೋ ಶಿವನೇ! ಹಿಂದೆ ಬಂದು ನಿಲ್ಲಬೇಡಿ!"

ಬಿಂದು ಬೆಚ್ಚಿ ಕೂಗುತ್ತಾ ತಿರುಗಿದಳು. ಹಿಂದೆ ನಿಂತಿದ್ದವನು ಸಹೋದ್ಯೋಗಿ ಸಿದ್ಧಲಿಂಗೇಶ್. ಅಡ್ಯಾರಿನ ಆ ಚಿಕ್ಕ ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ.

ಪರದೆಯ ಮೇಲೆ, ನಿನ್ನೆ ಅವನು ಓಡಿಸಿದ ಪರೀಕ್ಷಾ ವ್ಯಾನಿನ ದಾರಿ. ನೀಲಿ ಚುಕ್ಕಿ ನಮ್ಮ ದೇಶದ ಉಪಗ್ರಹಗಳು ತೋರಿಸಿದ್ದು, ಕೆಂಪು ಚುಕ್ಕಿ ರಷ್ಯಾದವು ತೋರಿಸಿದ್ದು. ಒಂದೇ ವ್ಯಾನು, ಎರಡೂ ಒಟ್ಟಿಗೇ ಹೋಗಬೇಕು.

ಆದರೆ ಕೆಂಪು ಮುಂದಿತ್ತು! ನೀಲಿ ತಿರುಗುವ ಮೊದಲೇ ತಿರುಗುತ್ತಿತ್ತು, ನಿಲ್ಲುವ ಮೊದಲೇ ನಿಲ್ಲುತ್ತಿತ್ತು... ಅವನು ಎಲ್ಲಿಗೆ ಹೋಗುತ್ತಾನೆಂದು ಮೊದಲೇ ತಿಳಿದಂತೆ.

"ನಿಮ್ಮನ್ನ ಇಳಿಸಿದ ಮೇಲೆ ವ್ಯಾನಲ್ಲಿ ನಾನೊಬ್ಬನೇ ಇದ್ದೆ ಕಣ್ರೀ..." ಅವನ ದನಿ ಇಳಿಯಿತು.

"ಆ ಮಾತು ಬಿಡಿ. ನಿನ್ನೆ ಯಾಕೆ ಹೋದ್ರಿ?"

ನಿನ್ನೆ ಅದೇ ವ್ಯಾನಿನಲ್ಲಿ ಕರೆತಂದು ಕ್ರೋಂಪೇಟೆಯ ಅವಳ ಮನೆ ಮುಂದೆ ಇಳಿಸುವಾಗ ಅವನು ಕೇಳಿದ್ದ: ಮದುವೆಯಾಗ್ತೀರಾ? ಅವಳು ಉತ್ತರಿಸದೆ ಒಳಗೆ ಓಡಿದ್ದಳು. ಎದೆ ತಹಬಂದಿಗೆ ಬಂದ ಮೇಲೆ 'ನಿಲ್ಲಿ, ಬರ್ತೀನಿ' ಎಂದು ಮೆಸೇಜು ಕಳಿಸಿದ್ದಳು. ಬಂದು ನೋಡಿದರೆ ಖಾಲಿ ರಸ್ತೆ!

"ಎದುರುಮನೆ ಮಾಮಿ ಇಣುಕಿದ್ರು. ನಿಮಗೆ ಕೆಟ್ಟ ಹೆಸರು ಬೇಡ ಅಂತ ಹೊರಟೆ. ಮೆಸೇಜು ಬಂದದ್ದು ಆಮೇಲೆ. ವಾಪಸ್ ಬಂದು ಬಾಗಿಲು ತಟ್ಟಿದೆ, ನೀವು ತೆಗೀಲಿಲ್ಲ."

"ಸುಳ್ಳು! ನೋಡಿ, ಮೆಸೇಜು ಬಂದ ಮೇಲೇ ನೀಲಿ ನಮ್ಮನೆ ಮುಂದಿಂದ ಹೊರಟಿದೆ."

"ಕೆಂಪು?"

ಅವಳು ನೋಡಿದಳು. ಕೆಂಪು ಹೊರಟದ್ದು ಮೆಸೇಜಿಗೆ ಮೊದಲು.

ಅವಳ ಬೆನ್ನು ತಣ್ಣಗಾಯಿತು. ದಾರಿಯುದ್ದಕ್ಕೂ ಅಂತರ ಅಳೆದಳು. ಎಲ್ಲೆಡೆ ಅಷ್ಟೇ... ಹದಿನೆಂಟು ಸೆಕೆಂಡ್.

ಭೂಮಿ ತುಸು ನಿಧಾನವಾಗಿ ತಿರುಗುತ್ತದೆಂದು ಲೋಕದ ಗಡಿಯಾರಕ್ಕೆ ಆಗಾಗ ಒಂದು ಸೆಕೆಂಡ್ ಸೇರಿಸುತ್ತಾರೆ. ರಷ್ಯಾದ ಉಪಗ್ರಹಗಳು ಅದನ್ನು ಪಾಲಿಸುತ್ತವೆ, ನಮ್ಮವು ಪಾಲಿಸುವುದಿಲ್ಲ. ಆ ಹದಿನೆಂಟು ಸೆಕೆಂಡ್ ವ್ಯತ್ಯಾಸ ಕಳೆದು ಎರಡನ್ನೂ ಹೊಂದಿಸಬೇಕಿತ್ತು. ಹೊಂದಿಸಬೇಕಾದವಳು ಅವಳೇ, ಮರೆತಿದ್ದಳು!

ಭೂತವಲ್ಲ. ಮೆಸೇಜಿನ ಹೊತ್ತು ತೋರಿಸುವ ಫೋನೂ ಲೋಕದ ಗಡಿಯಾರವನ್ನೇ ಪಾಲಿಸುತ್ತದೆ, ಅದರ ಜೊತೆ ನಡೆದದ್ದು ಕೆಂಪು ಮಾತ್ರ; ಅವನು ಹೇಳಿದ್ದೇ ನಿಜ. ಕೋಪ ಬಂದಾಗ ಮನುಷ್ಯ ತನಗೆ ಬೇಕಾದ ಸಾಕ್ಷಿಯನ್ನೇ ನಂಬುತ್ತಾನೆ, ಅವಳೂ ನಂಬಿದ್ದಳು.

"ತಪ್ಪು ನಂದೇ ರೀ..." ಅವಳ ಕಣ್ಣು ತುಂಬಿತು. "ತಟ್ಟಿದ್ದು ಕೇಳಿದ್ರೂ ಸಿಟ್ಟಿಗೆ ಬಾಗಿಲು ತೆಗೀಲಿಲ್ಲ, ರಾತ್ರಿಯೆಲ್ಲಾ ನಿಮ್ಮನ್ನ ಬೈದೆ."

"ಬೈಗುಳದಲ್ಲಿ ಉತ್ತರ ಏನಾದ್ರೂ ಇತ್ತಾ?"

"ಇತ್ತು. ಒಪ್ಪಿಗೆ." ಕೆನ್ನೆ ಒರೆಸಿಕೊಂಡಳು. "ಅವ್ವಂಗೆ ಮಾತ್ರ ನೀವೇ ಹೇಳಬೇಕು. ನಂಗೆ ಹೆದರಿಕೆ."

"ಭೂತಕ್ಕಿಂತಲೂ?"

"ಭೂತ ಜಾತಕ ಕೇಳಲ್ವಲ್ಲ!"

ಅವನು ನಕ್ಕ. "ಇವತ್ತೇ ಬರ್ತೀನಿ. ಈ ಸಲ ಬಾಗಿಲು ತೆಗೀತೀರಾ?"

"ಒಳಗಿದ್ರೆ ತಾನೇ ತೆಗೆಯೋದು? ಜೊತೆಗೇ ಬರ್ತೀನಿ, ನಡೀರಿ."